ತಾಳಮದ್ದಲೆ ರೆಕಾರ್ಡ್ ಮಾಡೋಕೆ ಲಿನಕ್ಸು: ಯಾವ ಹೊಸ ವರ್ಷನ್ ಹಾಕ್ಕೋಬೇಕು, ಯಾವುದನ್ನ ಸದ್ಯ ಮುಟ್ಟಬಾರದು

ಮಳೆಗಾಲ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆಗಿರತ್ತೆ, ಆಟ ಇಲ್ಲ, ಅದರ ಬದಲು ದೇವಸ್ಥಾನದ ಪೌಳಿಲೋ ಯಾರದೋ ಮನೆ ಜಗಲಿ ಮೇಲೋ ತಾಳಮದ್ದಲೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ನಡೆಸೋ ಯಕ್ಷಗಾನ. ಈಗ ಪ್ರತಿ ಕೂಟದಲ್ಲೂ ಯಾರಾದ್ರೂ ಒಬ್ರು ಮೊಬೈಲ್ ಹಿಡ್ಕೊಂಡು ರೆಕಾರ್ಡ್ ಮಾಡೇ ಮಾಡ್ತಾರೆ, ಆಮೇಲೆ ವಾಟ್ಸಾಪಲ್ಲಿ ಬಂದಾಗ ಕೇಳಿದ್ರೆ ಮಳೆ ಶೀಟಿನ ಮೇಲೆ ಬೀಳೋ ಸದ್ದು ಒಂದು ಕಡೆ, ಚಂಡೆ ಒಡೆದು ಹೋಗಿರೋದು ಇನ್ನೊಂದು ಕಡೆ, ಅರ್ಥಧಾರಿಗಳು (ಪಾತ್ರದ ಮಾತಾಡೋರು) ಎಂತ ಹೇಳಿದ್ರು ಅಂತ ಮಾತ್ರ ಗೊತ್ತಾಗಲ್ಲ. ಅದೇ ಮನೆಲಿ ಅಟ್ಟದ ಮೇಲೆ ಒಂದು ಲ್ಯಾಪ್‌ಟಾಪ್ ಸುಮ್ನೆ ಬಿದ್ದಿರತ್ತೆ, ವಿಂಡೋಸ್ 11 ಅದರ ಮೇಲೆ ಹೋಗಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು. ಆ ಲ್ಯಾಪ್‌ಟಾಪು ರೆಕಾರ್ಡಿಂಗಿಗೆ ಬೇಕಾದಷ್ಟಾಯ್ತು ಮಾರಾಯ್ರೆ, ವಿಂಡೋಸ್ ಬದಲು ಲಿನಕ್ಸ್ ಅನ್ನೋ ಪುಕ್ಕಟೆ ಸಿಸ್ಟಮ್ ಹಾಕಿದ್ರೆ ಸಾಕು, ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಡೋದು ಬೇಡ.

ಆದ್ರೆ ಲಿನಕ್ಸ್ ಹಾಕ್ಕೊಂಡವರಿಗೆ ಇನ್ನೊಂದು ರೋಗ ಅಂಟ್ಕೊಳತ್ತೆ, ಹೊಸ ವರ್ಷನ್ ರೋಗ. ಆಡಾಸಿಟಿ ಹೊಸದು ಬಂತು, ಆರ್ಡೋರ್ ಹೊಸದು ಬಂತು (ಎರಡೂ ರೆಕಾರ್ಡಿಂಗ್ ಟೂಲು), ಕರ್ನಲ್ (ಲಿನಕ್ಸಿನ ತಿರುಳು) ಹೊಸದು ಬಂತು ಅಂತ ದಿನಾ ಅಪ್‌ಡೇಟ್ ಒತ್ತೋದು, ಶನಿವಾರ ರಾತ್ರಿ ಕೂಟ ಇದ್ರೆ ಶನಿವಾರ ಮಧ್ಯಾಹ್ನ ಒತ್ತೋದು. ನಾನು ಕೇಳಿದವರಿಗೆಲ್ಲ ಹೇಳೋದು ಇಷ್ಟೇ: ಕೆಳಗಿನ ಸಿಸ್ಟಮ್ ನಿಧಾನದ್ದು ಇರಲಿ, ಮೇಲಿನ ಟೂಲು ಬೇಕಾದ್ರೆ ಹೊಸದಿರಲಿ, ಸೀಸನ್ ನಡೀತಾ ಇರೋವಾಗ ಎರಡನ್ನೂ ಮುಟ್ಟಬೇಡಿ. ಕೆಳಗೆ ಬರೆದಿರೋದೆಲ್ಲ ಇದೇ ಲೆಕ್ಕದಲ್ಲಿದೆ.

ಮೊದಲು ಬುಡ ಸರಿ ಮಾಡ್ಕೊಳ್ಳಿ

ಲಿನಕ್ಸ್ ಮಿಂಟ್ 22, ಉಬುಂಟು 24.04, ಡೆಬಿಯನ್ 13, ಈ ಮೂರರಲ್ಲಿ ಯಾವುದಾದ್ರೂ ಆಗತ್ತೆ. ಹೊಸಬರಾದ್ರೆ ಮಿಂಟ್ ಹಾಕಿ, ನೋಡೋಕೆ ವಿಂಡೋಸ್ ತರಾನೇ ಇರೋದ್ರಿಂದ ಮನೆಯವರೂ ಬೈಯಲ್ಲ. ಇವನ್ನೇ ಎಂತಕ್ಕೆ ಹೇಳ್ತೀನಿ ಅಂದ್ರೆ ಪೈಪ್‌ವೈರ್, ಆಪ್‌ಗಳಿಗೂ ಮೈಕು ಸ್ಪೀಕರಿಗೂ ಮಧ್ಯ ಸೌಂಡ್ ಸಾಗಿಸೋ ಸಾಫ್ಟ್‌ವೇರು, ಸೌಂಡ್ ಸರ್ವರ್ ಅಂತಾರೆ. ಹಳೇ ಲಿನಕ್ಸಲ್ಲಿ ಸೌಂಡಿನ ಕಥೆ ದೊಡ್ಡ ಗೋಜಲು ಆಗಿತ್ತು, ಬ್ರೌಸರ್ ವಿಡಿಯೋ ಪ್ಲೇಯರ್ ಅಂತ ಮಾಮೂಲಿ ಕೆಲಸಕ್ಕೆಲ್ಲ ಪಲ್ಸ್‌ಆಡಿಯೋ, ರೆಕಾರ್ಡಿಂಗ್ ಮಾಡೋರಿಗೆ ಜ್ಯಾಕ್, ಒಂದು ಓಡ್ತಾ ಇದ್ರೆ ಇನ್ನೊಂದು ಮುನಿಸ್ಕೊಳ್ಳೋದು, ಎರಡನ್ನೂ ಜೊತೆ ಮಾಡೋಕೆ ಹೋಗಿ ಎಷ್ಟೋ ಜನ ವಾಪಸ್ ವಿಂಡೋಸಿಗೆ ಹೋದ್ರು. ವಿಮ್ ಟೈಮನ್ಸ್ ಅನ್ನೋರು ಶುರು ಮಾಡಿದ ಪೈಪ್‌ವೈರ್ ಈ ಎರಡರ ಕೆಲಸಾನೂ ತಾನೇ ಮಾಡತ್ತೆ, ಹಳೇ ಆಪ್‌ಗಳಿಗೆ ತಾನೇ ಪಲ್ಸ್ ತಾನೇ ಜ್ಯಾಕ್ ಅಂತ ಹೇಳ್ಕೊಂಡು. 2021ರಲ್ಲಿ ಫೆಡೋರಾ 34 ಇದನ್ನ ಮೊದಲಿಗೆ ಡೀಫಾಲ್ಟ್ ಮಾಡ್ತು, ಉಬುಂಟು 22.10ರಿಂದ ಬಂತು, 2023ರ ನವೆಂಬರಲ್ಲಿ 1.0 ಆಯ್ತು, 2024ರಲ್ಲಿ ಬಂದ ಮಿಂಟ್ 22ರಲ್ಲೂ ಅದೇ ಇದೆ.

ಇದನ್ನ ಇಷ್ಟುದ್ದ ಹೇಳೋಕೆ ಕಾರಣ ಏನಂದ್ರೆ ಯೂಟ್ಯೂಬಲ್ಲಿ ಇರೋ ಲಿನಕ್ಸ್ ಆಡಿಯೋ ಟ್ಯುಟೋರಿಯಲ್‌ಗಳಲ್ಲಿ ಬಹಳಷ್ಟು ಹಳೇವು, ಪಲ್ಸ್‌ಆಡಿಯೋ ತೆಗೀರಿ, ಜ್ಯಾಕ್ ಹಾಕಿ, ಈ ಫೈಲಲ್ಲಿ ಈ ಸಾಲು ಸೇರಿಸಿ ಅಂತಾರೆ. ಮಿಂಟ್ 22ರ ಮೇಲೆ ಅದನ್ನ ಮಾಡಿದ್ರೆ ಸರಿ ಇದ್ದಿದ್ದೂ ಕೆಡತ್ತೆ. ವಿಡಿಯೋ 2022ಕ್ಕಿಂತ ಹಿಂದಿನದಾಗಿದ್ರೆ ಸೌಂಡ್ ಸರ್ವರ್ ಬಗ್ಗೆ ಅದು ಹೇಳೋದನ್ನ ಬಿಟ್ಬಿಡಿ, ಮೈಕು ಎಲ್ಲಿಡಬೇಕು, ಈಕ್ಯೂ (ಧ್ವನಿಯ ದಪ್ಪ ತೆಳು ಹೊಂದಿಸೋದು) ಹೆಂಗೆ ಮಾಡಬೇಕು ಅನ್ನೋದನ್ನ ಬೇಕಾದ್ರೆ ತಗೊಳ್ಳಿ. ನಿಮ್ಮ ಸಿಸ್ಟಮಲ್ಲಿ ಪೈಪ್‌ವೈರ್ ಇದ್ಯಾ ಅಂತ ನೋಡೋಕೆ ಮಿಂಟಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆಗೆದು ಸಿಸ್ಟಮ್ ಇನ್ಫಾರ್ಮೇಶನ್ ಅನ್ನೋ ಪುಟಕ್ಕೆ ಹೋಗಿ, ಆಡಿಯೋ ಅನ್ನೋ ಭಾಗದಲ್ಲಿ ಪೈಪ್‌ವೈರ್ ಆಕ್ಟಿವ್ ಅಂತ ಕಂಡ್ರೆ ಆಯ್ತು.

ಇನ್ನು ಕರ್ನಲ್. 2024ರ ನವೆಂಬರಲ್ಲಿ ಬಂದ ಲಿನಕ್ಸ್ 6.12ರಲ್ಲಿ ರಿಯಲ್‌ಟೈಮ್ ಸಪೋರ್ಟು (ಕೆಲಸವನ್ನ ತಡ ಆಗದ ಹಾಗೆ ಹೇಳಿದ ಹೊತ್ತಿಗೇ ಮಾಡೋ ಏರ್ಪಾಡು) ಮುಖ್ಯ ಕರ್ನಲ್ ಒಳಗೇ ಸೇರ್ತು, ಸುಮಾರು 20 ವರ್ಷ ಹೊರಗಡೆ ಪ್ಯಾಚ್ ಆಗಿ ಇದ್ದಿದ್ದು. ದೊಡ್ಡ ಸುದ್ದಿ ಹೌದು. ಆದ್ರೆ 6.12 ಇದ್ದ ತಕ್ಷಣ ನಿಮ್ಮ ಲ್ಯಾಪ್‌ಟಾಪ್ ರಿಯಲ್‌ಟೈಮ್ ಆಗಿಬಿಡಲ್ಲ, ಕರ್ನಲ್ ಕಟ್ಟೋವಾಗ ಆ ಆಯ್ಕೆ ಹಾಕಿ ಕಟ್ಟಿರಬೇಕು, ಮಾಮೂಲಿ ಡಿಸ್ಟ್ರೋಗಳ (ಮಿಂಟ್, ಉಬುಂಟು ತರದ ಲಿನಕ್ಸ್ ಬಗೆಗಳು) ಮಾಮೂಲಿ ಕರ್ನಲಲ್ಲಿ ಅದು ಹಾಕಿರಲ್ಲ. ತಾಳಮದ್ದಲೆ ರೆಕಾರ್ಡಿಂಗಿಗೆ ಅದು ಬೇಕಾಗೂ ಇಲ್ಲ, ಎಂತಕ್ಕೆ ಅಂತ ಬಫರ್ ವಿಷ್ಯದಲ್ಲಿ ಹೇಳ್ತೀನಿ. ಹೊಸ ಕರ್ನಲಿಂದ ನಿಜವಾದ ಲಾಭ ಅಂದ್ರೆ ಹೊಸ ಆಡಿಯೋ ಇಂಟರ್‌ಫೇಸುಗಳ (ಮೈಕನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಪೆಟ್ಟಿಗೆ) ಸಪೋರ್ಟು, ನಿಮ್ಮ ಪೆಟ್ಟಿಗೆ ಆಗಲೇ ಕೆಲಸ ಮಾಡ್ತಾ ಇದ್ರೆ ಕರ್ನಲಿನ ಹಿಂದೆ ಓಡಬೇಡಿ.

ಟೂಲು ಎಲ್ಲಿಂದ ಇಳಿಸೋದು

ದಾರಿ ಮೂರಿದೆ, ಒಂದೊಂದು ಟೂಲಿಗೆ ಒಂದೊಂದು ದಾರಿ ಸರಿ.

ಡಿಸ್ಟ್ರೋದ ಸಾಫ್ಟ್‌ವೇರ್ ಮ್ಯಾನೇಜರಿಂದ ಹಾಕಿದ್ರೆ ವರ್ಷನ್ ಸ್ವಲ್ಪ ಹಳೇದಿರತ್ತೆ, ಆದ್ರೆ ಎಲ್ಲದರ ಜೊತೆ ಹೊಂದ್ಕೊಂಡಿರತ್ತೆ. ಫ್ಲಾಟ್‌ಪ್ಯಾಕ್ ಅಂದ್ರೆ ಫ್ಲಾಟ್‌ಹಬ್‌ನಿಂದ ಬರೋದು, ಸಿಸ್ಟಮ್ ಹಳೇದಿದ್ರೂ ಟೂಲು ಹೊಸದೇ ಸಿಗತ್ತೆ. ಆಪ್‌ಇಮೇಜ್ ಅಂದ್ರೆ ಒಂದೇ ಒಂದು ಫೈಲು, ಇನ್‌ಸ್ಟಾಲ್ ಅಂತ ಏನಿಲ್ಲ, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಲ್ಲಿ ಪ್ರೋಗ್ರಾಮ್ ಆಗಿ ಓಡಿಸೋಕೆ ಪರ್ಮಿಶನ್ ಕೊಟ್ಟು ಡಬಲ್ ಕ್ಲಿಕ್ ಮಾಡೋದು. ಬೇಡ ಅಂದ್ರೆ ಆ ಫೈಲ್ ಡಿಲೀಟ್ ಮಾಡಿದ್ರಾಯ್ತು.

ಇಲ್ಲಿ ಮೂರು ಕಡೆ ಜನ ಎಡವ್ತಾರೆ. ಒಂದು, ಆಪ್‌ಇಮೇಜ್ ಡಬಲ್ ಕ್ಲಿಕ್ ಮಾಡಿದ್ರೂ ಏನೂ ಆಗಲ್ಲ, ಎರರ್ ಕೂಡ ತೋರಿಸಲ್ಲ. ಬಹಳ ಸಲ ಇದಕ್ಕೆ ಕಾರಣ ಲಿಬ್‌ಫ್ಯೂಸ್ 2 ಅನ್ನೋ ಲೈಬ್ರರಿ, ಉಬುಂಟು 22.04ರಿಂದ ಈಚೆಗೆ ಅದು ತಾನಾಗೇ ಬರಲ್ಲ, ಹುಡುಕಿ ಹಾಕ್ಕೋಬೇಕು, 24.04ರಲ್ಲಿ ಅದೇ ಹೆಸರಿನ ಕೊನೆಗೆ ಟಿ64 ಅಂತ ಬಾಲ ಇರತ್ತೆ. ಎರಡು, ಮಿಂಟ್ 22ರ ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಕೆಲವು ಫ್ಲಾಟ್‌ಪ್ಯಾಕ್‌ಗಳು ಕಾಣೋದೇ ಇಲ್ಲ, ಯಾಕಂದ್ರೆ ಮೂಲ ಡೆವಲಪರ್‌ಗಳೇ ಹಾಕಿದ್ದು ಅಂತ ಪರಿಶೀಲನೆ ಆಗದೇ ಇರೋದನ್ನ ಅವರು ಅಡಗಿಸಿಟ್ಟಿದಾರೆ, ಪ್ರಿಫರೆನ್ಸಸ್‌ಗೆ ಹೋಗಿ ಅದನ್ನ ಆನ್ ಮಾಡಬಹುದು, ಎಚ್ಚರಿಕೆ ತೋರಿಸತ್ತೆ, ಓದಿ ನಿಮಗೆ ಸರಿ ಅನ್ಸಿದ್ರೆ ಮುಂದೆ ಹೋಗಿ. ಮೂರನೇದು ಎಲ್ಲಕ್ಕಿಂತ ಕಾಟದ್ದು: ಫ್ಲಾಟ್‌ಪ್ಯಾಕ್ ಆರ್ಡೋರ್ ಹಾಕ್ಕೊಂಡು ಸಿಸ್ಟಮಲ್ಲಿ ಪ್ಲಗಿನ್‌ಗಳನ್ನ (ಟೂಲಿನ ಒಳಗೆ ಸೇರ್ಕೊಳ್ಳೋ ಈಕ್ಯೂ ತರದ ಸಣ್ಣ ಟೂಲುಗಳು) ಬೇರೆ ಹಾಕಿದ್ರೆ ಆರ್ಡೋರಿಗೆ ಆ ಪ್ಲಗಿನ್‌ಗಳು ಕಾಣಲ್ಲ. ಫ್ಲಾಟ್‌ಪ್ಯಾಕ್ ತನ್ನ ಬೇಲಿ ಒಳಗೇ ಇರತ್ತೆ, ಅದಕ್ಕೆ ಪ್ಲಗಿನ್‌ಗಳನ್ನೂ ಫ್ಲಾಟ್‌ಹಬ್ಬಿಂದಾನೇ ತರಬೇಕು.

ಹಂಗಾಗಿ ನನ್ನ ಜೋಡಣೆ ಹೀಗಿದೆ. ಆರ್ಡೋರು ಮತ್ತೆ ಪ್ಲಗಿನ್‌ಗಳು ಡಿಸ್ಟ್ರೋದಿಂದ. ಆಡಾಸಿಟಿ ಆಪ್‌ಇಮೇಜಿಂದ, ಆಡಾಸಿಟಿಯವರು ಲಿನಕ್ಸಿಗೆ ಅಧಿಕೃತವಾಗಿ ಕೊಡೋದೇ ಅದು. ವೈರಿಂಗ್ ನೋಡೋ ಸಣ್ಣ ಟೂಲುಗಳು, ಉದಾಹರಣೆಗೆ ಕ್ಯೂಪಿಡಬ್ಲ್ಯೂಗ್ರಾಫ್, ಎಲ್ಲಿಂದ ಹಾಕಿದ್ರೂ ನಡೆಯತ್ತೆ.

ಯಾವ ಹೊಸದು ಕೆಲಸಕ್ಕೆ ಬರತ್ತೆ

ಆಡಾಸಿಟಿ. 2000ದಿಂದ ಇರೋ ಟೂಲು, ಕಾರ್ನೆಗಿ ಮೆಲನ್ ಯೂನಿವರ್ಸಿಟಿಲಿ ಹುಟ್ಟಿದ್ದು, 2021ರಲ್ಲಿ ಮ್ಯೂಸ್ ಗ್ರೂಪ್ ತಗೊಳ್ತು. ಆಗ ಪ್ರೈವಸಿ ವಿಷ್ಯದಲ್ಲಿ ಗಲಾಟೆ ಆಗಿ ಟೆನಾಸಿಟಿ ಅಂತ ಒಂದು ಕವಲು ಹುಟ್ತು, ಸಿಟ್ಟಿದ್ದವರು ಅದನ್ನ ಬಳಸ್ತಾರೆ, ನಂಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಹಳೇ 2.ಎಕ್ಸ್ ಇಟ್ಕೊಂಡವರು 3ಕ್ಕೆ ಬರಲೇಬೇಕು ಅಂತ ನಾನು ಹೇಳೋದು ಎರಡು ಕಾರಣಕ್ಕೆ. 3.0ರಿಂದ ಪ್ರಾಜೆಕ್ಟ್ ಅಂದ್ರೆ ಒಂದೇ ಫೈಲು, ಮೊದಲು ನೂರಾರು ಚೂರು ಇರೋ ಫೋಲ್ಡರ್ ಇರ್ತಿತ್ತು, ಪೆನ್‌ಡ್ರೈವಿಗೆ ಹಾಕೋವಾಗ ಅರ್ಧ ಬಿಟ್ಟು ಕಾಪಿ ಮಾಡಿ ಪ್ರಾಜೆಕ್ಟೇ ಹಾಳಾಗೋದು. 3.2ರಿಂದ ಎಫೆಕ್ಟ್‌ಗಳು ರಿಯಲ್‌ಟೈಮಲ್ಲಿ ಕೇಳತ್ತೆ, ಅಂದ್ರೆ ಈಕ್ಯೂ ಹಾಕಿ ಕೇಳಿ, ಸರಿ ಇಲ್ಲ ಅಂದ್ರೆ ತೆಗೆದು, ಮತ್ತೆ ಹಾಕಿ, ಮೂಲ ಧ್ವನಿ ಹಂಗೇ ಇರತ್ತೆ. 3.4ರಲ್ಲಿ ತಾಳಕ್ಕೆ ಹೊಂದೋ ಗ್ರಿಡ್ಡು, ಪಿಚ್ ಬದಲಾಗದೆ ಉದ್ದ ಗಿಡ್ಡ ಮಾಡೋದು ಬಂತು, ಅದು ನಮಗೇನೂ ಬೇಡ, ಪದ ಹಾಡೋ ಭಾಗವತರ ಕಾಲವನ್ನ ಗ್ರಿಡ್ಡಿಗೆ ಕೂರಿಸೋಕೆ ಹೋಗೋರು ಯಾರು. 3.6ರ ಹೊಸ ಕಂಪ್ರೆಸರ್ ಮತ್ತೆ ಲಿಮಿಟರ್ (ಜೋರು ಸದ್ದನ್ನ ಒತ್ತಿ ಹಿಡಿಯೋವು) ಮಾತ್ರ ತುಂಬಾ ಉಪಯೋಗ, ಎಷ್ಟು ಒತ್ತುತ್ತಾ ಇದೆ ಅಂತ ಕಣ್ಣಿಗೆ ಕಾಣತ್ತೆ. ಉಬುಂಟು 24.04ರ ಒಳಗೆ ಇರೋದು 3.4, ಹಂಗಾಗಿ ಇದೊಂದನ್ನ ಹೊರಗಿಂದ ಹೊಸದಾಗಿ ತರೋದು ಸರಿ, 3.7 ಸಾಲಿನ ಯಾವುದಾದ್ರೂ ಆಗತ್ತೆ. ಆಡಾಸಿಟಿ 4 ಅನ್ನೋದನ್ನ ಕ್ಯೂಟಿ (ಆಪ್‌ನ ಮುಖ ಕಟ್ಟೋ ಸಾಮಗ್ರಿ) ಮೇಲೆ ಹೊಸದಾಗಿ ಕಟ್ಟಿದಾರೆ, ನೋಡೋಕೂ ಬೇರೆ ತರ. ಆಲ್ಫಾ ಬೀಟಾ ಅಂತ ಹೆಸರಿರೋದನ್ನ ಹಾಕಿ ಆಟ ಆಡಿ, ಕೂಟಕ್ಕೆ ತಗೊಂಡು ಹೋಗಬೇಡಿ.

ಆರ್ಡೋರ್. ಪಾಲ್ ಡೇವಿಸ್ ಬರೆದಿದ್ದು, ಜ್ಯಾಕ್ ಬರೆದಿದ್ದೂ ಅವರೇ. ಮೂರು ನಾಲ್ಕು ಮೈಕು ಬೇರೆ ಬೇರೆ ಟ್ರ್ಯಾಕಲ್ಲಿ ರೆಕಾರ್ಡ್ ಮಾಡೋದಿದ್ರೆ ಇದೇ ಬೇಕು. ಒಂದು ಗೊಂದಲ ಬಿಡಿಸ್ತೀನಿ: ಆರ್ಡೋರ್ ಓಪನ್ ಸೋರ್ಸು, ಆದ್ರೆ ಅವರ ಸೈಟಿಂದ ರೆಡಿ ಇರೋದನ್ನ ಇಳಿಸ್ಕೊಳ್ಳೋಕೆ ದುಡ್ಡು ಕೊಡಬೇಕು, ಪುಕ್ಕಟೆ ಡೆಮೋ ಇಳಿಸಿದ್ರೆ 10 ನಿಮಿಷಕ್ಕೆ ಸೌಂಡ್ ನಿಂತೋಗತ್ತೆ. ಡಿಸ್ಟ್ರೋದಿಂದ ಹಾಕಿದ್ರೆ ಆ ತಾಪತ್ರಯ ಇಲ್ಲ, ಪೂರ್ತಿ ಆರ್ಡೋರೇ ಬರತ್ತೆ. ಮಿಂಟ್ 22, ಡೆಬಿಯನ್ 13 ಎರಡರಲ್ಲೂ 8ರ ಸಾಲಿನದ್ದೇ ಇದೆ. 2022ರ 7ರಲ್ಲಿ ಕ್ಲಿಪ್ ಲಾಂಚಿಂಗ್ ಬಂತು, 2023ರ 8ರಲ್ಲಿ ಆಟೋಮೇಶನ್ ಗೆರೆಯನ್ನ ಕೈಯಲ್ಲಿ ಎಳೆಯೋದು, ರೀಜನ್‌ಗಳನ್ನ (ಟ್ರ್ಯಾಕಲ್ಲಿರೋ ಧ್ವನಿ ತುಂಡುಗಳು) ಗುಂಪು ಮಾಡೋದು ಬಂತು. ಗುಂಪು ಮಾಡೋದು ಚಿಕ್ಕ ವಿಷ್ಯ ಅನ್ಸತ್ತೆ, ನಾಲ್ಕು ಗಂಟೆ ರೆಕಾರ್ಡಿಂಗಲ್ಲಿ ನಾಲ್ಕು ಟ್ರ್ಯಾಕನ್ನ ಒಟ್ಟಿಗೆ ಕತ್ತರಿಸಬೇಕಾದಾಗ ಅದರ ಬೆಲೆ ಗೊತ್ತಾಗತ್ತೆ. ಇನ್ನೂ ಹೊಸದು ಬೇಕು ಅಂತ ಅನ್ಸಿದ್ರೆ ದುಡ್ಡು ಕೊಟ್ಟೇ ತಗೊಳ್ಳಿ, ಆ ಕೆಲಸ ನಡೀತಾ ಇರೋದೇ ಅದರಿಂದ.

ಎಲ್‌ಎಂಎಂಎಸ್, ಹೈಡ್ರೋಜನ್ ಇವೆಲ್ಲ ಕಂಪ್ಯೂಟರಲ್ಲೇ ಸಂಗೀತ ಕಟ್ಟೋರಿಗೆ. ಎಲ್‌ಎಂಎಂಎಸ್‌ನ 1.2.2 ಬಂದಿದ್ದು 2020ರಲ್ಲಿ, ಆಮೇಲೆ 1.3ರ ಆಲ್ಫಾಗಳು ಬರ್ತಾ ಇವೆ, ಆದ್ರೂ ಜನ 1.2.2ರಲ್ಲೇ ಹಾಡು ಮಾಡ್ತಾ ಇದಾರೆ. ಪಾಶ್ಚಾತ್ಯ ಸ್ವರಲಿಪಿ ಬೇಕಾದವರಿಗೆ ಮ್ಯೂಸ್‌ಸ್ಕೋರ್ ಇದೆ. ನಮ್ಮ ಕೆಲಸಕ್ಕೆ ಇವು ಬೇಡ.

ಪ್ಲಗಿನ್‌ಗಳಲ್ಲಿ ಎಲ್‌ಎಸ್‌ಪಿ ಮತ್ತೆ ಎಕ್ಸ್42 ಇವೆರಡನ್ನ ಹಾಕ್ಕೊಳ್ಳಿ, ಈಕ್ಯೂ, ಕಂಪ್ರೆಸರ್, ಮೀಟರ್ ಎಲ್ಲ ಬಂದುಬಿಡತ್ತೆ. ಮಾತಿನ ಹಿಂದಿನ ಗದ್ದಲ ತೆಗೆಯೋಕೆ ಆರ್‌ಎನ್‌ನಾಯ್ಸ್ ಅಥವಾ ಡೀಪ್‌ಫಿಲ್ಟರ್‌ನೆಟ್, ಇದರ ಬಗ್ಗೆ ಮುಂದೆ ಹೇಳೋದಿದೆ.

ಬಫರು, ರೇಟು: ಕಮ್ಮಿ ಲೇಟೆನ್ಸಿ ಹುಚ್ಚು ಬೇಡ

ಸ್ಯಾಂಪಲ್ ರೇಟ್ ಎಲ್ಲಾ ಕಡೆ 48 ಕಿಲೋಹರ್ಟ್ಜ್ ಇಡಿ. ಪೈಪ್‌ವೈರಿನ ಡೀಫಾಲ್ಟೇ ಅದು, ಆರ್‌ಎನ್‌ನಾಯ್ಸೂ ಡೀಪ್‌ಫಿಲ್ಟರ್‌ನೆಟ್ಟೂ ಕೆಲಸ ಮಾಡೋದು ಅದರಲ್ಲೇ, ಕೊನೆಗೆ ಓಪಸ್ ಮಾಡೋವಾಗ್ಲೂ ಅದೇ, ಹಂಗಾಗಿ ಮಧ್ಯ ಎಲ್ಲೂ ಬದಲಾಯಿಸೋದು ಬರಲ್ಲ. 96 ಇಟ್ರೆ ಡಿಸ್ಕ್ ತುಂಬತ್ತೆ ಅಷ್ಟೇ.

ಬಫರ್ ವಿಷ್ಯ, ಅಂದ್ರೆ ಕಂಪ್ಯೂಟರ್ ಒಂದ್ಸಲಕ್ಕೆ ಎಷ್ಟು ಸ್ಯಾಂಪಲ್ ತಗೊಳ್ಳಬೇಕು ಅನ್ನೋದು. ಲಿನಕ್ಸ್ ಆಡಿಯೋ ಅಂತ ಎಲ್ಲೇ ಹೋದ್ರೂ ಜನ ಲೇಟೆನ್ಸಿ (ಧ್ವನಿ ಒಳಗೆ ಹೋಗಿ ಹೊರಗೆ ಬರೋಕೆ ಹಿಡಿಯೋ ತಡ) ಬಗ್ಗೇನೇ ಮಾತಾಡ್ತಾರೆ, 128 ಸ್ಯಾಂಪಲ್ ಇಟ್ಟೆ, 64 ಇಟ್ಟೆ ಅಂತ. 48 ಕಿಲೋಹರ್ಟ್ಜಲ್ಲಿ 128 ಸ್ಯಾಂಪಲ್ ಅಂದ್ರೆ 2.7 ಮಿಲಿಸೆಕೆಂಡು, 1024 ಅಂದ್ರೆ 21 ಮಿಲಿಸೆಕೆಂಡು. ಕಂಪ್ಯೂಟರ್ ಮೂಲಕ ಹಾಯ್ದು ಬಂದ ತಮ್ಮ ಧ್ವನೀನ ಹೆಡ್‌ಫೋನಲ್ಲಿ ಕೇಳ್ಕೊಂಡು ಹಾಡೋರಿಗೆ, ಗಿಟಾರ್ ನುಡಿಸೋರಿಗೆ ಅದು ಮುಖ್ಯ. ತಾಳಮದ್ದಲೆಲಿ ಯಾರು ಹೆಡ್‌ಫೋನ್ ಹಾಕ್ಕೊಂಡು ಅರ್ಥ ಹೇಳ್ತಾರೆ? ಭಾಗವತರು ಮದ್ದಲೆಯವರು ಒಬ್ಬರನ್ನೊಬ್ಬರು ಎದುರೆದುರೇ ಕೇಳ್ತಾ ಇರ್ತಾರೆ, ಕಂಪ್ಯೂಟರ್ ಬರೀ ಬರ್ಕೊಳ್ತಾ ಕೂತಿರತ್ತೆ. ಹಂಗಾಗಿ 1024 ಇಡಿ, ಹಳೇ ಲ್ಯಾಪ್‌ಟಾಪಾದ್ರೆ 2048 ಇಡಿ. ಬಫರ್ ದೊಡ್ಡದಾದಷ್ಟೂ ಮಧ್ಯ ಟಪ್ ಅನ್ನೋ ಕ್ಲಿಕ್ಕು ಬರೋ ಸಂಭವ ಕಮ್ಮಿ. ರಿಯಲ್‌ಟೈಮ್ ಕರ್ನಲ್ ಬೇಡ ಅಂದಿದ್ದು ಇದಕ್ಕೇ.

ಇಂಟರ್‌ಫೇಸ್ ಚುಚ್ಚಿದ ಮೇಲೆ ಮಾಡಬೇಕಾದ್ದು: ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮ ಪಾಲಿಸೋ ಪೆಟ್ಟಿಗೆಗಳಿಗೆ ಲಿನಕ್ಸಲ್ಲಿ ಡ್ರೈವರ್ ಹಾಕೋ ಕೆಲಸಾನೇ ಇಲ್ಲ, ಕೊಳ್ಳೋವಾಗ ಕ್ಲಾಸ್ ಕಂಪ್ಲಯಂಟ್ ಅಂತ ಇದ್ಯಾ ನೋಡ್ಕೊಳ್ಳಿ. ನಾಲ್ಕು ಇನ್‌ಪುಟ್ ಇರೋ ಪೆಟ್ಟಿಗೆ ಚುಚ್ಚಿದ್ರೂ ಎರಡೇ ಕಾಣ್ತಾ ಇದ್ರೆ ಗಾಬರಿ ಬೇಡ, ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನೋ ಆಪ್ ಹಾಕ್ಕೊಂಡು (ಹೆಸರು ಹಳೇದು, ಪೈಪ್‌ವೈರ್ ಜೊತೆನೂ ಓಡತ್ತೆ) ಕಾನ್ಫಿಗರೇಶನ್ ಟ್ಯಾಬಲ್ಲಿ ಆ ಪೆಟ್ಟಿಗೆಗೆ ಪ್ರೋ ಆಡಿಯೋ ಅನ್ನೋ ಪ್ರೊಫೈಲ್ ಆರಿಸಿ, ಎಲ್ಲ ಇನ್‌ಪುಟ್ಟೂ ಬಿಚ್ಕೊಳತ್ತೆ. ಆರ್ಡೋರ್ ತೆಗೆದಾಗ ಆಡಿಯೋ ಸಿಸ್ಟಮ್ ಯಾವುದು ಅಂತ ಕೇಳತ್ತೆ, ಬರೀ ರೆಕಾರ್ಡಿಂಗ್ ಆದ್ರೆ ಆಲ್ಸಾ (ಕರ್ನಲಿನ ನೇರ ಸೌಂಡ್ ದಾರಿ) ಕೊಡಿ, ಪೆಟ್ಟಿಗೆಯನ್ನ ಪೂರ್ತಿ ತನ್ನ ಹಿಡಿತಕ್ಕೆ ತಗೊಳತ್ತೆ, ಮಧ್ಯ ಬ್ರೌಸರಿನ ಟಿಣ್ ಟಿಣ್ ಸದ್ದು ನುಗ್ಗಲ್ಲ. ಆಡಾಸಿಟಿಲಿ ಆಡಿಯೋ ಸೆಟಪ್ ಬಟನ್ ಒತ್ತಿ ರೆಕಾರ್ಡಿಂಗ್ ಡಿವೈಸಲ್ಲಿ ಪೈಪ್‌ವೈರ್ ಅಥವಾ ಡೀಫಾಲ್ಟ್ ಕೊಟ್ಟು, ಸಿಸ್ಟಮಿನ ಸೌಂಡ್ ಸೆಟ್ಟಿಂಗಲ್ಲಿ ಇನ್‌ಪುಟ್ ನಿಮ್ಮ ಪೆಟ್ಟಿಗೇನೇ ಇದ್ಯಾ ನೋಡಿ, ಇಲ್ಲಾಂದ್ರೆ ನಾಲ್ಕು ಗಂಟೆ ಪೂರ್ತಿ ಲ್ಯಾಪ್‌ಟಾಪಿನ ಒಳಗಿನ ಮೈಕಲ್ಲಿ ಫ್ಯಾನಿನ ಸದ್ದೇ ರೆಕಾರ್ಡ್ ಆಗಿರತ್ತೆ.

ಡಿಸ್ಕ್ ಲೆಕ್ಕ ಮೊದಲೇ ಹಾಕಿ. 32 ಬಿಟ್ ಫ್ಲೋಟಲ್ಲಿ ಒಂದು ಮೋನೋ ಟ್ರ್ಯಾಕು ಗಂಟೆಗೆ ಸುಮಾರು 690 ಎಂಬಿ, ನಾಲ್ಕು ಟ್ರ್ಯಾಕು ನಾಲ್ಕು ಗಂಟೆ ಅಂದ್ರೆ 11 ಜಿಬಿ. 24 ಬಿಟ್ ಇಟ್ರೆ 8 ಜಿಬಿ ಚಿಲ್ಲರೆ. 30 ಜಿಬಿ ಖಾಲಿ ಇಲ್ದೆ ಮನೆ ಬಿಡಬೇಡಿ.

ಕೂಟದ ರಾತ್ರಿ

ಮೈಕು ಎಷ್ಟಿದ್ರೂ ಮೊದಲ ಮೈಕು ಅರ್ಥಧಾರಿಗಳಿಗೆ, ಎರಡನೇದು ಭಾಗವತರಿಗೆ. ಮದ್ದಲೆ ಚಂಡೆಗೆ ಬೇರೆ ಮೈಕ್ ಇಲ್ಲ ಅಂದ್ರೂ ನಡೆಯತ್ತೆ, ಅವು ಹೆಂಗಿದ್ರೂ ಎಲ್ಲಾ ಮೈಕಲ್ಲೂ ಬಂದು ಕೂತಿರ್ತಾವೆ. ಕಂಡೆನ್ಸರ್ ಮೈಕಾದ್ರೆ ಪೆಟ್ಟಿಗೆ ಮೇಲೆ 48 ವೋಲ್ಟ್ ಬಟನ್ ಒತ್ತೋದು ಮರೀಬೇಡಿ. ಲೆವೆಲ್ ಸೆಟ್ ಮಾಡೋದು ಮಾತಿನ ಮೇಲಲ್ಲ, ಚಂಡೆ ಮೇಲೆ. ಯುದ್ಧದ ಪದಕ್ಕೆ ಬಾರಿಸೋ ಹಂಗೆ ಒಂದ್ಸಲ ಬಾರಿಸಿ ತೋರಿಸಿ ಅಂತ ಕೇಳ್ಕೊಂಡು ಅದರ ತುದಿ ಮೈನಸ್ 12 ಡೆಸಿಬಲ್ ಹತ್ರ ನಿಲ್ಲೋ ಹಾಗೆ ಗೇನ್ ಇಳಿಸಿ. ಮಾತು ಸಣ್ಣಗೆ ಕಾಣತ್ತೆ, ಕಾಣಲಿ, ಆಮೇಲೆ ಏರಿಸಬಹುದು, ಒಡೆದು ಹೋದ ಚಂಡೇನ ಯಾವ ಹೊಸ ವರ್ಷನ್ನೂ ಸರಿ ಮಾಡಲ್ಲ.

ಶುರುವಾಗೋಕೆ ಮುಂಚೆ ಖಾಲಿ ಜಗಲಿಯ ಸದ್ದನ್ನ ಅರ್ಧ ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ, ಮಳೆ, ಜೀರುಂಡೆ, ಫ್ಯಾನು ಎಲ್ಲ ಇರಲಿ, ಶ್ರುತಿಪೆಟ್ಟಿಗೆ ಮಾತ್ರ ಬಂದ್ ಇರಬೇಕು. ಇದಕ್ಕೆ ಒಪ್ಪಿಸೋದೇ ಒಂದು ಕೆಲಸ.

"ಭಾಗವತ್ರೇ, ಶ್ರುತಿ ಒಂದರ್ಧ ನಿಮಿಷ ಬಂದ್ ಮಾಡ್ತೀರಾ?"

"ಎಂತಕ್ಕೆ ಮಾರಾಯ? ಶ್ರುತಿ ಇಲ್ದೆ ಎಂತ ರೆಕಾರ್ಡು ನಿಂದು?"

ಕಾರಣ ಇದೆ. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಕೆಲಸ ಮಾಡೋದು ಹೀಗೆ, ನೀವು ತೋರಿಸಿದ ಚೂರಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟು ಇದೆ ಅಂತ ಕಲ್ತು, ಆಮೇಲೆ ಇಡೀ ರೆಕಾರ್ಡಿಂಗಲ್ಲಿ ಅದಕ್ಕಿಂತ ಮೇಲೆ ಏಳದೇ ಇರೋದನ್ನ ತಗ್ಗಿಸತ್ತೆ. ಆ ಚೂರಲ್ಲಿ ಶ್ರುತಿ ಇದ್ರೆ ಅದಕ್ಕೆ ಶ್ರುತೀನೇ ಗದ್ದಲ. ಷಡ್ಜ ಪಂಚಮ ಎಲ್ಲ ಸವೆದು ಹೋಗಿ ಭಾಗವತರ ಸ್ವರ ನೀರಲ್ಲಿ ಮುಳುಗಿದ ಹಾಗೆ ಕೇಳತ್ತೆ.

ಕರೆಂಟಿನ ಕಥೆ ಗೊತ್ತೇ ಇದೆ. ಚಾರ್ಜರ್ ಚುಚ್ಚಿದ್ದಾಗ ಗುಂಯ್ ಅನ್ನೋ ಸದ್ದು ಬರ್ತಾ ಇದ್ರೆ ಅದು ಮೇನ್ಸಿನ 50 ಹರ್ಟ್ಜು ಮತ್ತೆ ಅದರ ಮರಿಗಳು, ಚಾರ್ಜರ್ ತೆಗೆದ್ರೆ ಬಹಳ ಸಲ ಹೋಗತ್ತೆ. ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪಾದ್ರೆ ಯುಪಿಎಸ್ ಇಲ್ಲದೆ ಕೂರಬೇಡಿ. ಆರ್ಡೋರು ರೆಕಾರ್ಡ್ ಆಗ್ತಾ ಆಗ್ತಾನೇ ಡಿಸ್ಕಿಗೆ ಬರೀತಾ ಹೋಗತ್ತೆ, ಕರೆಂಟ್ ಹೋಗಿ ಬಂದಾಗ ಸೆಶನ್ ತೆಗೆದ್ರೆ ಹಳೇದನ್ನ ರಿಕವರ್ ಮಾಡಲಾ ಅಂತ ಕೇಳತ್ತೆ, ಆಡಾಸಿಟಿಲೂ ಅದೇ ತರ ಇದೆ, ಆದ್ರೂ ಅದನ್ನ ನಂಬ್ಕೊಂಡು ಕೂರೋದು ಬೇಡ, ಪ್ರಸಂಗದ ಮಧ್ಯ ಕಾಫಿಗೆ ಎದ್ದಾಗ ಒಮ್ಮೆ ನಿಲ್ಲಿಸಿ ಸೇವ್ ಮಾಡಿ ಮತ್ತೆ ಶುರು ಮಾಡಿ. ವೈಫೈ ಬ್ಲೂಟೂತ್ ಆಫ್, ಸ್ಕ್ರೀನ್ ಲಾಕ್ ಆಫ್, ಸ್ಲೀಪ್ ಆಫ್, ಪವರ್ ಮೋಡ್ ಪರ್ಫಾರ್ಮೆನ್ಸ್, ಅಪ್‌ಡೇಟ್ ಮ್ಯಾನೇಜರ್ ಬಂದ್. ಮತ್ತೆ ಕಲಾವಿದರನ್ನ ಕೇಳದೆ ಯೂಟ್ಯೂಬಿಗೆ ಹಾಕಬೇಡಿ, ಇದು ಸಾಫ್ಟ್‌ವೇರ್ ವಿಷ್ಯ ಅಲ್ಲ, ಆದ್ರೂ ಹೇಳ್ಬೇಕು.

ಮರುದಿನದ ಕೆಲಸ

ಮೊದಲು ಮೂಲ ಫೈಲನ್ನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಕೈ ಹಾಕಿ.

ಪದದ ಭಾಗ, ಅರ್ಥದ ಭಾಗ ಎರಡನ್ನೂ ಕತ್ತರಿಸಿ ಬೇರೆ ಬೇರೆ ಟ್ರ್ಯಾಕಲ್ಲಿ ಇಡಿ. ಇದು ಬೋರು ಕೆಲಸ, ಆದ್ರೆ ಇದನ್ನ ಮಾಡಿದ್ರೇನೇ ಮುಂದಿನದು ಸಾಧ್ಯ. ಆರ್‌ಎನ್‌ನಾಯ್ಸು, ಡೀಪ್‌ಫಿಲ್ಟರ್‌ನೆಟ್ಟು ಇವೆರಡೂ ಮನುಷ್ಯರ ಮಾತನ್ನ ಕಲ್ತು ತಯಾರಾದವು, ಮಾತಲ್ಲದ್ದೆಲ್ಲ ಅವಕ್ಕೆ ಕಸ. ಅರ್ಥಧಾರಿಗಳ ಮಾತಿನ ಮೇಲೆ ಹಾಕಿದ್ರೆ ಶೀಟಿನ ಮಳೆ ಹೆಚ್ಚುಕಮ್ಮಿ ಮಾಯ ಆಗತ್ತೆ, ನಾಯ್ಸ್ ರಿಡಕ್ಷನ್‌ಗಿಂತ ಚೆನ್ನಾಗಿ, ಯಾಕಂದ್ರೆ ಮಳೆ ಸದ್ದು ಎಲ್ಲಾ ಫ್ರೀಕ್ವೆನ್ಸಿಲೂ ಹರಡ್ಕೊಂಡಿರತ್ತೆ ಮತ್ತೆ ಒಂದೇ ಸಮ ಇರಲ್ಲ, ನಮ್ಮ ಆಗುಂಬೆ ಕಡೆ ಮಳೆ ಕ್ಷಣಕ್ಕೊಂದು ತರ. ಅದೇ ಪ್ಲಗಿನ್ ಪದದ ಮೇಲೆ ಹಾಕಿ ನೋಡಿ, ಮದ್ದಲೆ ಹೋಗತ್ತೆ, ತಾಳ ಹೋಗತ್ತೆ, ಭಾಗವತರು ಎಳೆದ ಸ್ವರ ಮಧ್ಯ ಮಧ್ಯ ಕತ್ತರಿಸಿ ಹೋಗತ್ತೆ. ಪದಕ್ಕೆ ನಾಯ್ಸ್ ರಿಡಕ್ಷನ್ 6 ಡೆಸಿಬಲ್ ಸಾಕು, ಅದೂ ಬೇಕು ಅನ್ಸಿದ್ರೆ ಮಾತ್ರ. ಹಿಂದೆ ಸ್ವಲ್ಪ ಮಳೆ ಕೇಳಿದ್ರೆ ತಪ್ಪೇನಿಲ್ಲ, ಮಳೆಗಾಲದ ತಾಳಮದ್ದಲೆ ಅಲ್ವಾ.

ಮಾತಿನ ಟ್ರ್ಯಾಕಿಗೆ 80 ಹರ್ಟ್ಜಿಗಿಂತ ಕೆಳಗಿನದನ್ನ ಹೈ ಪಾಸ್ ಫಿಲ್ಟರಲ್ಲಿ ತೆಗೆದುಬಿಡಿ, ಹಲಗೆ ಮೇಲೆ ಯಾರೋ ನಡೆದಾಡಿದ ಧಡಧಡ ಹೋಗತ್ತೆ. ಮೇಲಿಂದ ಕಂಪ್ರೆಸರ್, ಮೂರಕ್ಕೊಂದರ ರೇಶಿಯೋ, ಮೀಟರಲ್ಲಿ 4ರಿಂದ 6 ಡೆಸಿಬಲ್ ಒತ್ತಿದ್ರೆ ಸಾಕು. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್ ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರು ಕೇಳತ್ತೆ ಅನ್ನೋದರ ಅಳತೆ). ಪಾಡ್‌ಕಾಸ್ಟ್ ಮಾಡೋರು ಸಾಮಾನ್ಯ ಇಡೋದು ಇದೇ, ಮೊಬೈಲ್ ಸ್ಪೀಕರಲ್ಲೂ ಕೇಳತ್ತೆ. ಚಂಡೆ ತುದಿಗಳು ಮೇಲೆ ಹೋಗ್ತಾವೆ, ಅದಕ್ಕೆ ಲಿಮಿಟರ್ ಮೈನಸ್ 1ಕ್ಕೆ ಹಾಕಿ.

ಎಕ್ಸ್‌ಪೋರ್ಟ್ ಎರಡು ಸಲ. ಇಟ್ಕೊಳ್ಳೋಕೆ ಫ್ಲ್ಯಾಕು, ಕ್ವಾಲಿಟಿ ಒಂದು ಚೂರೂ ಹೋಗಲ್ಲ, ಸೈಜು ವೇವ್‌ಗಿಂತ ಕಮ್ಮಿ. ವೇವ್ ಮಾಡೋಕೆ ಹೋದ್ರೆ 4 ಜಿಬಿ ಮಿತಿ ಅಡ್ಡ ಬರತ್ತೆ, 32 ಬಿಟ್ ಸ್ಟೀರಿಯೋದಲ್ಲಿ ಮೂರು ಗಂಟೆ ದಾಟಿದ್ರೆ ಆ ಮಿತಿ ಮುಗೀತು. ಕಳ್ಸೋಕೆ ಓಪಸ್ಸು, ಮೋನೋ, 48 ಕೆಬಿಪಿಎಸ್, ಗಂಟೆಗೆ 22 ಎಂಬಿ ಒಳಗೇ ಆಗತ್ತೆ, ನೆಟ್‌ವರ್ಕ್ ಒಂದೇ ಕಡ್ಡಿ ಸಿಗೋ ಊರಿಗೂ ಹೋಗತ್ತೆ. ವಾಟ್ಸಾಪಿನ ವಾಯ್ಸ್ ಮೆಸೇಜುಗಳ ಒಳಗೆ ಇರೋದೂ ಓಪಸ್ಸೇ. ತುಂಬಾ ಹಳೇ ಪ್ಲೇಯರ್ ಇರೋ ಹಿರಿಯರಿಗೆ ಎಂಪಿ3 ಮಾಡ್ಕೊಡಿ, ಅವರ ಹತ್ರ ವಾದ ಮಾಡಬೇಡಿ.

ಅಪ್‌ಡೇಟ್ ಯಾವಾಗ

ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಮೇಳಗಳು ತಿರುಗಾಟಕ್ಕೆ ಹೊರಡ್ತಾವೆ, ಕೂಟಗಳು ಕಮ್ಮಿ ಆಗ್ತಾವೆ, ರೆಕಾರ್ಡ್ ಮಾಡಿದ್ದೆಲ್ಲ ಎಕ್ಸ್‌ಪೋರ್ಟ್ ಆಗಿರತ್ತೆ. ಅಲ್ಲಿವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ, ಅದೂ ಕೂಟ ಇಲ್ಲದ ವಾರದಲ್ಲಿ. ಮಿಂಟಲ್ಲಿ ಫ್ಲಾಟ್‌ಪ್ಯಾಕ್‌ಗಳನ್ನ ತಾನಾಗೇ ಅಪ್‌ಡೇಟ್ ಮಾಡೋ ಆಯ್ಕೆ ಇದೆ, ಆಫ್ ಇದ್ಯಾ ನೋಡ್ಕೊಳ್ಳಿ. ಒಂದೇ ಒಂದು ಆಪನ್ನ ತಡೆ ಹಿಡೀಬೇಕು ಅಂದ್ರೆ ಫ್ಲಾಟ್‌ಪ್ಯಾಕಿಗೆ ಮಾಸ್ಕ್ ಅಂತ ಕಮ್ಯಾಂಡ್ ಇದೆ, ಅದು ಕೊಟ್ರೆ ತೆಗೆಯೋವರೆಗೂ ಆ ಆಪ್ ಇದ್ದಲ್ಲೇ ಇರತ್ತೆ.

ದೊಡ್ಡ ಅಪ್‌ಡೇಟ್ ಮಾಡೋಕೆ ಮುಂಚೆ ಟೈಮ್‌ಶಿಫ್ಟಲ್ಲಿ ಸ್ನ್ಯಾಪ್‌ಶಾಟ್ ತೆಗೀರಿ, ಮಿಂಟ್ ಜೊತೆಗೇ ಬರತ್ತೆ. ಅದು ಸಿಸ್ಟಮನ್ನ ಮಾತ್ರ ಕಾಪಾಡತ್ತೆ, ನಿಮ್ಮ ಹೋಮ್ ಫೋಲ್ಡರಲ್ಲಿರೋ ರೆಕಾರ್ಡಿಂಗನ್ನ ಅಲ್ಲ, ಇದನ್ನ ತಿಳ್ಕೊಳ್ಳದೆ ಬಹಳ ಜನ ನೆಮ್ಮದಿಯಾಗಿರ್ತಾರೆ. ಹೊಸ ವರ್ಷನ್ನಿನ ರಿಲೀಸ್ ನೋಟ್ ಇಡೀ ಓದೋದು ಬೇಡ, ಮೂರು ವಿಷ್ಯ ಹುಡುಕಿ ಸಾಕು: ಪ್ರಾಜೆಕ್ಟ್ ಫೈಲಿನ ಫಾರ್ಮ್ಯಾಟ್ ಬದಲಾಗಿದ್ಯಾ, ನೀವು ಬಳಸೋ ಎಫೆಕ್ಟ್ ತೆಗೆದಿದಾರಾ ಇಲ್ಲಾ ಬದಲಿಸಿದಾರಾ, ಸೌಂಡ್ ಡಿವೈಸ್ ಆರಿಸೋ ರೀತಿ ಬದಲಾಗಿದ್ಯಾ.

ಫಾರ್ಮ್ಯಾಟಿನ ವಿಷ್ಯ ಯಾಕಂದ್ರೆ ಹೊಸ ಆಡಾಸಿಟಿಲಿ ಸೇವ್ ಮಾಡಿದ ಪ್ರಾಜೆಕ್ಟನ್ನ ಹಳೇದು ತೆಗೆಯದೇ ಇರಬಹುದು, 3ರದ್ದನ್ನ 2 ತೆಗೆಯೋದೇ ಇಲ್ಲ. ಆರ್ಡೋರ್ ಸ್ವಲ್ಪ ಸಭ್ಯ, ಹಳೇ ಸೆಶನ್ನನ್ನ ಹೊಸ ದೊಡ್ಡ ವರ್ಷನ್ನಲ್ಲಿ ತೆಗೆದಾಗ ಹಳೇ ಸೆಶನ್ ಫೈಲಿನ ಕಾಪಿಯನ್ನ ಪಕ್ಕಕ್ಕೆ ಎತ್ತಿಟ್ಟು ಹೇಳತ್ತೆ. ಅದಕ್ಕೆ ಮುಗಿದ ಕೂಟದ್ದನ್ನ ಆರ್ಡೋರಾದ್ರೆ ಸೆಶನ್ ಮೆನುವಿನ ಆರ್ಕೈವ್ ಕೊಟ್ಟು ಒಂದೇ ಫೈಲ್ ಮಾಡಿ ಹೊರಗಿನ ಡಿಸ್ಕಿಗೆ ಹಾಕಿ. ಆಡಾಸಿಟಿಯಾದ್ರೆ ಪ್ರಾಜೆಕ್ಟ್ ಫೈಲು, ಫ್ಲ್ಯಾಕು, ಆ ಪ್ರಾಜೆಕ್ಟ್ ಮಾಡಿದ ಆಪ್‌ಇಮೇಜು ಮೂರನ್ನೂ ಒಂದೇ ಫೋಲ್ಡರಲ್ಲಿ ಇಡಿ, ಫೋಲ್ಡರಿಗೆ ಪ್ರಸಂಗದ ಹೆಸರು, ಊರು, ತಾರೀಕು. ಮುಂದೆ ಯಾವತ್ತೋ ಮನೆಯವರು ಬಂದು ಅವತ್ತಿನ ಅರ್ಥ ಇನ್ನೊಂದ್ಸಲ ಬೇರೆ ತರ ಕತ್ತರಿಸಿ ಕೊಡ್ತೀಯಾ ಅಂದಾಗ, ಆವತ್ತಿಗೆ ಆಡಾಸಿಟಿ ಎಷ್ಟನೇ ವರ್ಷನ್ ಆಗಿದ್ರೂ, ಆ ಫೋಲ್ಡರಲ್ಲಿರೋ ಹಳೇದನ್ನೇ ಡಬಲ್ ಕ್ಲಿಕ್ ಮಾಡಿದ್ರಾಯ್ತು.